ಹನ್ನೆರಡು ಸಾವಿರ ಮನೆಗಳ ಭಾನುವಾರ

ಕಂಡಕ್ಟರ ಮನೆಯ ಮಂಚಕ್ಕೆ ಒಂದು ಕಾಲು ಬೆರಳಿನಷ್ಟು ಗಿಡ್ಡ. ಮಗ್ಗುಲು ಬದಲಾಯಿಸಿದಾಗಲೆಲ್ಲ ಅದು ಹಳೆಯ ಬಸ್ಸಿನ ಹಾಗೆ ಕುಲುಕುತ್ತಿತ್ತು. ವಾರದಲ್ಲಿ ಆರು ದಿನ ನಿಜವಾದ ಬಸ್ಸಿನಲ್ಲೇ ಕುಲುಕಾಡುವ ಮನುಷ್ಯನಿಗೆ ಏಳನೆಯ ದಿನ ಮಲಗಿದಲ್ಲೂ ಅದೇ ಗತಿಯಾದರೆ ಯಾರಿಗೆ ಹೇಳಿಕೊಳ್ಳುವುದು? ಅದಕ್ಕೇ ಮಂಗಳವಾರ ಅಂಚೆಯಲ್ಲಿ ಸರ್ಕಾರದ ಪತ್ರವೊಂದು ಬಂದಾಗ ಕಂಡಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಾಗದ ಒಳ್ಳೆಯ ದಪ್ಪಗಿದೆ ಎಂದು ಮೆಚ್ಚಿದರು. ಓದುವ ಗೋಜಿಗೆ ಹೋಗದೆ ನಾಲ್ಕು ಮಡಿಕೆ ಮಾಡಿ ಮಂಚದ ಕಾಲಿನ ಕೆಳಗಿಟ್ಟರು. ಮಂಚ ಅಲುಗಾಡುವುದನ್ನು ಬಿಟ್ಟಿತು. ಸರ್ಕಾರದಿಂದ ಅವರಿಗೆ ಅಷ್ಟು ನೇರವಾದ ಉಪಕಾರ ಹಿಂದೆಂದೂ ಆಗಿರಲಿಲ್ಲ.

ಭಾನುವಾರವೆಂದರೆ ಕಂಡಕ್ಟರಿಗೆ ಪ್ರಾಣ. ಆರು ದಿನ, ದಿನಕ್ಕೆ ಒಂಬತ್ತು ಗಂಟೆ, ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಟಿಕೆಟ್ಟು, ಬಾಯಲ್ಲಿ "ಒಳಗೆ ನಡೀರಿ, ಒಳಗೆ ನಡೀರಿ." ಏಳನೆಯ ದಿನ ಮಾತ್ರ ಅವರು ಯಾರನ್ನೂ ಒಳಗೆ ನಡೆಯಲು ಹೇಳುತ್ತಿರಲಿಲ್ಲ, ತಾವೂ ಎಲ್ಲಿಗೂ ನಡೆಯುತ್ತಿರಲಿಲ್ಲ. ಬೆಳಿಗ್ಗೆ ಮಲಗಿರುತ್ತಿದ್ದರು, ಊಟಕ್ಕೆ ಎದ್ದು ಮತ್ತೆ ಮಲಗುತ್ತಿದ್ದರು, ಸಂಜೆ ಟೀಗೆ ಅರ್ಧ ಎದ್ದು ಮತ್ತೆ ಪೂರ್ತಿ ಮಲಗುತ್ತಿದ್ದರು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೂ ವಾರಕ್ಕೊಂದು ರಜೆಯೇನೋ ಇತ್ತು. ಆ ದಿನ ಅವಳು ವಾರದ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದಳು. ಅದನ್ನು ರಜೆ ಎಂದು ಯಾಕೆ ಕರೆಯುತ್ತಾರೆ ಎಂಬ ಪ್ರಶ್ನೆ ಅವಳಿಗೆ ಆಗಾಗ ಬರುತ್ತಿತ್ತು. ಕಂಡಕ್ಟರಿಗೆ ಒಮ್ಮೆಯೂ ಬಂದಿರಲಿಲ್ಲ.

ಆ ಭಾನುವಾರ ಬೆಳಕು ಹರಿಯುವ ಮೊದಲೇ ಆಸ್ಪತ್ರೆಯಿಂದ ಅವಳಿಗೆ ಫೋನು ಬಂತು. ಡ್ಯೂಟಿಯ ನರ್ಸಿಗೇ ಜ್ವರವಂತೆ.

"ರೀ, ನಾನು ಹೊರಟೆ. ಅಡುಗೆ ಏನೂ ಆಗಿಲ್ಲ. ಅಮ್ಮನಿಗೆ ಒಂಬತ್ತಕ್ಕೆ ಮಾತ್ರೆ, ಹನ್ನೆರಡೂವರೆಗೆ ಊಟ. ಬ್ರೆಡ್ ಇದೆ, ಏನಾದ್ರೂ ಮಾಡಿ. ಕೇಳಿಸ್ತಾ?"

"ಹ್ಞೂಂ," ಎಂದಿತು ದಿಂಬು.

ಅಮ್ಮನೆಂದರೆ ಕಂಡಕ್ಟರ ಅತ್ತೆ. ಮಂಡಿನೋವು ಹಿಡಿದು ಎರಡು ವರ್ಷದಿಂದ ಮಗಳ ಮನೆಯಲ್ಲೇ ಇದ್ದರು. ಕಾಲು ಬಿಟ್ಟರೆ ಅವರ ಮಿಕ್ಕ ಅಂಗಗಳೆಲ್ಲ, ಮುಖ್ಯವಾಗಿ ಕಣ್ಣು ಮತ್ತು ನಾಲಿಗೆ, ಬಹಳ ಚುರುಕಾಗಿ ಕೆಲಸ ಮಾಡುತ್ತಿದ್ದವು. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅಳಿಯನ ನಿದ್ದೆಯನ್ನು ನೋಡುತ್ತಿದ್ದರು. ನೋಡಲು ಮನೆಯಲ್ಲಿ ಬೇರೇನೂ ನಡೆಯುತ್ತಿರಲಿಲ್ಲ.

ಎಂಟು ಗಂಟೆಗೆ ಮಹಡಿಯ ಮೇಷ್ಟ್ರು ಇಳಿದು ಬಂದರು. ನಿವೃತ್ತ ಹೆಡ್‌ಮಾಸ್ಟರು. ಕಂಡಕ್ಟರ ಮನೆಯ ಪೇಪರನ್ನು ಅವರು ಓದುವುದು, ಓದಿಯಾದ ಮೇಲೆ ಕಂಡಕ್ಟರು ಅದನ್ನು ಮುಖಕ್ಕೆ ಮುಚ್ಚಿಕೊಳ್ಳುವುದು, ಇದು ವರ್ಷಗಳ ಒಪ್ಪಂದ. ಅವತ್ತು ಪೇಪರು ತೆಗೆದುಕೊಳ್ಳಲು ಬಗ್ಗಿದಾಗ ಅವರ ಕನ್ನಡಕ ಜಾರಿ ಬಿತ್ತು. ಕನ್ನಡಕ ಹುಡುಕಲು ಇನ್ನಷ್ಟು ಬಗ್ಗಿದಾಗ ಮಂಚದ ಕಾಲಿನ ಕೆಳಗೆ ಕೆಂಪು ಮೊಹರು ಕಂಡಿತು.

"ಕಂಡಕ್ಟರೇ! ಏನ್ರೀ ಇದು? ಸರ್ಕಾರದ ಮೊಹರಿನ ಮೇಲೆ ಮಲಗಿದೀರಾ?"

ಅವರು ಎಳೆದ ರಭಸಕ್ಕೆ ಮಂಚ ಕುಲುಕಿತು, ಕಂಡಕ್ಟರು ಎದ್ದು ಕೂತರು. ಮೇಷ್ಟ್ರು ಕಾಗದ ಬಿಡಿಸಿ ತರಗತಿಗೆ ಓದುವ ದನಿಯಲ್ಲಿ ಓದಿದರು. ರಾಷ್ಟ್ರೀಯ ಸಾಮಾಜಿಕ-ಆರ್ಥಿಕ ಮಾದರಿ ಸಮೀಕ್ಷೆಗೆ ತಮ್ಮ ಮನೆಯನ್ನು ಚೀಟಿ ಎತ್ತಿ ಆರಿಸಲಾಗಿದೆ. ತಮ್ಮ ಮನೆಯ ಉತ್ತರ ರಾಜ್ಯದ ಹನ್ನೆರಡು ಸಾವಿರ ಮನೆಗಳ ಉತ್ತರವೆಂದು ಎಣಿಸಲಾಗುವುದು. ಭಾನುವಾರ ಹಗಲಿನಲ್ಲಿ ಸಮೀಕ್ಷಕರು ಬರುತ್ತಾರೆ. ಯಾವುದೇ ಸಿದ್ಧತೆಯ ಅಗತ್ಯವಿಲ್ಲ.

"ಅಗತ್ಯವಿಲ್ಲ ಅಂತಾನೇ ಇದೆಯಲ್ಲ ಮೇಷ್ಟ್ರೇ," ಎಂದು ಕಂಡಕ್ಟರು ಮತ್ತೆ ಒರಗಲು ಹೋದರು.

"ನಲವತ್ತು ವರ್ಷ ಪರೀಕ್ಷೆ ನಡೆಸಿದೋನು ನಾನು. ಸಿದ್ಧತೆ ಬೇಡ ಅಂತ ಯಾರು ಹೇಳ್ತಾರೆ ಗೊತ್ತೇನ್ರೀ? ಕಷ್ಟದ ಪ್ರಶ್ನೆ ಕೇಳೋರು! ಏಳಿ ಮೇಲೆ!"

ಮೇಷ್ಟ್ರ ಸಂಕಟ ಇವತ್ತಿನದಲ್ಲ. ಪ್ರತಿವರ್ಷ ರಾಜ್ಯಗಳ ಪಟ್ಟಿ ಪ್ರಕಟವಾದಾಗ ಅವರು ಅದನ್ನು ಕತ್ತರಿಸಿ ಬಾಗಿಲಿಗೆ ಅಂಟಿಸುತ್ತಿದ್ದರು. ಓದು, ಆರೋಗ್ಯ, ಆದಾಯ, ನೀರು, ನೆರಳು ಎಂದು ಒಂದೊಂದಕ್ಕೂ ಒಂದೊಂದು ಕಲಮು. ಇಪ್ಪತ್ತೆರಡು ರಾಜ್ಯಗಳಲ್ಲಿ ನಮ್ಮದು ಇಪ್ಪತ್ತೊಂದನೆಯದು. ಇಪ್ಪತ್ತೆರಡನೆಯದು ಸಮುದ್ರದ ನಡುವಿನ ಒಂದು ದ್ವೀಪ, ಅಲ್ಲಿ ಜನರಿಗಿಂತ ಹಕ್ಕಿಗಳೇ ಹೆಚ್ಚು. ತಾನು ಪಾಠ ಹೇಳಿದ ರಾಜ್ಯ ಹಕ್ಕಿಗಳ ಜೊತೆ ಪೈಪೋಟಿ ನಡೆಸುತ್ತಿರುವುದು ಮೇಷ್ಟ್ರಿಗೆ ಊಟ ಸೇರದಷ್ಟು ಅವಮಾನವಾಗಿತ್ತು.

"ನೋಡಿ, ಈ ಮೂಲೇಲಿ ಜೇಡರ ಬಲೆ ಇದೆ. ನಿಮಗೆ ಒಂದು ಬಲೆ. ದೇಶಕ್ಕೆ ಹನ್ನೆರಡು ಸಾವಿರ ಬಲೆ! ಈ ಮಂಚದ ಕಾಲು ಗಿಡ್ಡ. ಹನ್ನೆರಡು ಸಾವಿರ ಮಂಚದ ಕಾಲು ಗಿಡ್ಡ! ಈಗ ನೀವು ಆಕಳಿಸಿದ್ರಲ್ಲ..."

ಕಂಡಕ್ಟರು ಬಾಯಿ ಮುಚ್ಚಿಕೊಂಡರು. ಬಸ್ಸಿನಲ್ಲಿ ಅರವತ್ತು ಜನರ ಜವಾಬ್ದಾರಿ ಹೊತ್ತು ಅವರಿಗೆ ಅಭ್ಯಾಸವಿತ್ತು. ಹನ್ನೆರಡು ಸಾವಿರ ಮನೆಯೆಂದರೆ ತಲೆ ಗಿರ್ರೆಂದಿತು. ಆದರೂ ಮನಸ್ಸು ಒಂದೇ ಲೆಕ್ಕ ಹಾಕುತ್ತಿತ್ತು: ಬೇಗ ಗುಡಿಸಿಬಿಟ್ಟರೆ ಬೇಗ ಮಲಗಬಹುದು.

ಆ ಲೆಕ್ಕ ತಪ್ಪಿತು. ಗುಡಿಸಿದ್ದಾಯಿತು ಎಂದಾಗ ಬಲೆ ತೆಗೆಯಬೇಕಾಯಿತು. ಬಲೆ ತೆಗೆದಾಗ ಧೂಳೆಲ್ಲ ಕೆಳಗೆ ಬಿದ್ದು ಮತ್ತೆ ಗುಡಿಸಬೇಕಾಯಿತು. ನೆಲ ಒರೆಸಿದ ಮೇಲೆ ಕಿಟಕಿಯ ಗಾಜು ಎಷ್ಟು ಕೊಳಕೆಂದು ತಿಳಿಯಿತು, ಗಾಜು ಒರೆಸಿದ ಮೇಲೆ ಬೆಳಕು ಒಳಗೆ ಬಂದು ಪಾತ್ರೆಗಳು ಎಷ್ಟು ಕೊಳಕೆಂದು ತಿಳಿಯಿತು. ಮೇಷ್ಟ್ರಿಗೆ ಬೆನ್ನುನೋವು. ಹಾಗಾಗಿ ಅವರು ನಿಂತಲ್ಲೇ ನಿಂತು ಬೆರಳು ತೋರಿಸುವ ಭಾಗವನ್ನು ವಹಿಸಿಕೊಂಡರು.

"ಅಳಿಯಂದ್ರೇ," ಎಂದರು ಅತ್ತೆ ಕುರ್ಚಿಯಿಂದ, "ನನ್ನ ಮಾತ್ರೆ."

ಕಂಡಕ್ಟರು ಪೊರಕೆ ಕಂಕುಳಲ್ಲಿ ಇಟ್ಟುಕೊಂಡೇ ಮಾತ್ರೆ ಕೊಟ್ಟರು, ನೀರು ಕುಡಿಸಿದರು. ಅತ್ತೆ ನೀರು ಕುಡಿಯುತ್ತ ಅಳಿಯನನ್ನು ಹೊಸದಾಗಿ ಕೊಂಡ ವಸ್ತುವನ್ನು ನೋಡುವ ಹಾಗೆ ನೋಡಿದರು.

ಹತ್ತೂವರೆಗೆ ಮನೆ ಫಳಫಳ ಎನ್ನುತ್ತಿತ್ತು. ಮೇಷ್ಟ್ರಿಗೆ ಸಾಲದು.

"ಶುಚಿ ಸರಿ. ಸಂಪತ್ತು ಎಲ್ಲಿದೆ? ಜ್ಞಾನ ಎಲ್ಲಿದೆ? ನಮ್ಮ ಫ್ರಿಜ್ಜು ತಗೊಂಡು ಬನ್ನಿ. ನನ್ನ ಹದಿನೆಂಟು ಸಂಪುಟದ ವಿಶ್ವಕೋಶನೂ ತನ್ನಿ. ಸಂಜೆ ವಾಪಸ್ ಕೊಟ್ಟರಾಯ್ತು."

"ಇದು ಮೋಸ ಅಲ್ವಾ ಮೇಷ್ಟ್ರೇ?"

"ಫ್ರಿಜ್ಜು ಈ ರಾಜ್ಯದ್ದೇ ತಾನೆ? ನಾನೇನು ಪಕ್ಕದ ರಾಜ್ಯದಿಂದ ತರಿಸ್ತಿದೀನಾ?"

ಕಂಡಕ್ಟರು ಹದಿನೆಂಟು ಸಂಪುಟಗಳನ್ನು ಮೂರು ಸಲಕ್ಕೆ ಇಳಿಸಿದರು. ಫ್ರಿಜ್ಜನ್ನು ಬೆನ್ನಿಗೆ ಕಟ್ಟಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಮೇಷ್ಟ್ರು ಮೇಲಿನ ಮೆಟ್ಟಿಲಿನಿಂದ "ಹುಷಾರು, ಒಳಗೆ ಹಾಲಿದೆ," ಎಂದು ಎಚ್ಚರಿಸುತ್ತಿದ್ದರು.

ಹನ್ನೊಂದಕ್ಕೆ ಬೀದಿಯ ಸಂಘದ ಸೆಕ್ರೆಟರಿ ಬಂದರು. ಫ್ರಿಜ್ಜು ಇಳಿದ ಸುದ್ದಿ ಅವರ ಮನೆಗೆ ಆಗಲೇ ತಲುಪಿತ್ತು. ಬೀದಿಯ ಚರಂಡಿ ನಾಲ್ಕು ವರ್ಷದಿಂದ ಒಡೆದು ಹರಿಯುತ್ತಿತ್ತು. ಅದಕ್ಕಾಗಿ ಸೆಕ್ರೆಟರಿ ಕೊಟ್ಟ ಅರ್ಜಿಗಳನ್ನೆಲ್ಲ ಒಳಗೆ ಸುರಿದಿದ್ದರೆ ಚರಂಡಿ ಯಾವತ್ತೋ ಮುಚ್ಚಿಹೋಗುತ್ತಿತ್ತು. ಅವರು ಒಳಗೆ ಕಾಲಿಟ್ಟವರೇ ಹದಿನೆಂಟು ಸಂಪುಟಗಳನ್ನು ಕಂಡು ತಲೆಯ ಮೇಲೆ ಕೈ ಹೊತ್ತರು.

"ಏನ್ರೀ ಅನ್ಯಾಯ ಇದು! ಪಟ್ಟೀಲಿ ಕೊನೇ ಎರಡು ರಾಜ್ಯಕ್ಕೆ ಮಾತ್ರ ಚರಂಡಿ ಅನುದಾನ ಬರೋದು. ನಾವು ಇಪ್ಪತ್ತೊಂದರಿಂದ ಇಪ್ಪತ್ತಕ್ಕೆ ಹತ್ತಿದ್ರೆ ಮುಗೀತು, ಕೊಟ್ಟ ಅರ್ಜಿಯೆಲ್ಲ ಅದೇ ಚರಂಡಿಗೆ! ಮಂಜೂರಾತಿ ಪತ್ರ ಬರೋಕೆ ಇನ್ನು ಎರಡೇ ತಿಂಗಳಿದೆ ಕಣ್ರೀ!"

"ಚರಂಡಿಗೋಸ್ಕರ ಮಾನ ಬಿಡಬೇಕೇನ್ರೀ?" ಎಂದರು ಮೇಷ್ಟ್ರು.

"ಮಾನ ಇಟ್ಕೊಂಡು ಚರಂಡಿ ದಾಟೋಕೆ ಆಗುತ್ತಾ? ಹೋದ ಸಲ ಮಳೇಲಿ ಜಾರಿಬಿದ್ದೋರು ನೀವೇ ಅಲ್ವಾ?"

ಮೇಷ್ಟ್ರು ಬೆನ್ನು ಮುಟ್ಟಿಕೊಂಡರು. ಆ ನೋವು ಅಲ್ಲಿಂದಲೇ ಬಂದದ್ದು. ಆ ಒಂದು ಗಳಿಗೆಯಲ್ಲಿ ಸೆಕ್ರೆಟರಿ ಮನೆಯನ್ನು ವಶಕ್ಕೆ ತೆಗೆದುಕೊಂಡರು. ವಿಶ್ವಕೋಶ ಮಹಡಿಗೆ ವಾಪಸ್ಸು. ಮತ್ತೆ ಮೆಟ್ಟಿಲು ಹತ್ತಿಸಲಾಗದ ಫ್ರಿಜ್ಜು ಗೋಣಿಚೀಲ ಹೊದ್ದು ಮುಂದಿನ ಕೋಣೆಯ ಮೂಲೆಗೆ. ಕಂಡಕ್ಟರ ಮನೆಯ ಸ್ವಂತ ಬಟ್ಟೆ ತೊಳೆಯುವ ಯಂತ್ರವೂ ಸೆಕ್ರೆಟರಿಯ ಮನೆಗೆ. ಕುರ್ಚಿಗಳು ಹಿತ್ತಿಲಿಗೆ, ಅತ್ತೆಯ ಕುರ್ಚಿಯೊಂದನ್ನು ಬಿಟ್ಟು, ಯಾಕೆಂದರೆ ಅತ್ತೆ ಅದರಿಂದ ಏಳಲಿಲ್ಲ. ಎಲ್ಲವನ್ನೂ ಹೊತ್ತವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ಅಳಿಯಂದ್ರೇ, ಹನ್ನೊಂದೂವರೆ ಆಯ್ತು. ಊಟ?"

ಕಂಡಕ್ಟರು ಬ್ರೆಡ್ಡಿನ ಕಡೆ ಕೈ ಚಾಚಿದರು. ಇಬ್ಬರೂ ಒಟ್ಟಿಗೇ ತಡೆದರು. ಪೌಷ್ಟಿಕತೆ ಎಂಬುದೊಂದು ಕಲಮು ಇದೆಯಂತೆ, ಪಾತ್ರೆಯಲ್ಲಿ ನಾಲ್ಕು ಬಣ್ಣದ ತರಕಾರಿ ಇರಲೇಬೇಕು ಎಂದರು ಮೇಷ್ಟ್ರು. ಬೇಯಿಸಿದ ಆಲೂಗಡ್ಡೆ ಬಿಟ್ಟು ಬೇರೇನೂ ಕಾಣಬಾರದು ಎಂದರು ಸೆಕ್ರೆಟರಿ. ಕಡೆಗೆ ತರಕಾರಿ ತಳದಲ್ಲಿ, ಆಲೂಗಡ್ಡೆ ಮೇಲೆ ಎಂದು ರಾಜಿಯಾಯಿತು. ಕಂಡಕ್ಟರು ಜೀವಮಾನದಲ್ಲಿ ಮೊದಲ ಸಲ ಈರುಳ್ಳಿ ಹೆಚ್ಚಿದರು. ಅವರ ಕಣ್ಣೀರಿನಲ್ಲಿ ಈರುಳ್ಳಿಯದು ಅರ್ಧ, ಭಾನುವಾರದ್ದು ಅರ್ಧ.

ಅತ್ತೆ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎಲ್ಲರೂ ಉಸಿರು ಹಿಡಿದರು.

"ಪರವಾಗಿಲ್ಲ," ಎಂದರು. "ನನ್ನ ಮಗಳು ಇಷ್ಟು ಉಪ್ಪು ಹಾಕಲ್ಲ. ನನಗೆ ಉಪ್ಪೇ ಬೇಕು."

ಎರಡನೆಯ ಸಲ ಬಡಿಸಿಕೊಂಡರು. ಕಂಡಕ್ಟರಿಗೆ, ಹೇಳಲು ನಾಚಿಕೆ, ಒಳಗೊಳಗೇ ಖುಷಿಯಾಯಿತು. ಮರುಗಳಿಗೆಯೇ ಮಂಚದ ಕಡೆ ನೋಡಿದರು. ಮಂಚದ ಮೇಲೆ ಸೆಕ್ರೆಟರಿ ಕೂತಿದ್ದರು.

ಮಧ್ಯಾಹ್ನ ಸೆಕ್ರೆಟರಿಯ ದರ್ಬಾರು. ಬಡವರ ಮನೆಯೆಂದ ಮೇಲೆ ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಕೈಯಲ್ಲಿ. ಸಮೀಕ್ಷಕರು ಯಾವ ಕ್ಷಣ ಬಂದರೂ ಒಗೆಯುತ್ತಿರುವುದು ಕಾಣಬೇಕು. ವಾರದ ಬಟ್ಟೆಯೆಲ್ಲ ಹೊರಬಂತು. ಕಂಡಕ್ಟರು ಒಗೆದರು. ಸಮೀಕ್ಷಕರು ಬರಲಿಲ್ಲ. ಇನ್ನೂ ಒಗೆದರು. ದಿಂಬಿನ ಚೀಲ, ಹೊದಿಕೆ, ಕಿಟಕಿಯ ಪರದೆ ಎಲ್ಲ ಮುಗಿದು ಒಗೆಯಲು ಏನೂ ಉಳಿಯದಿದ್ದಾಗ ಸೆಕ್ರೆಟರಿ ತಮ್ಮ ಎರಡು ಅಂಗಿ ತರಿಸಿಕೊಟ್ಟರು. ಆಮೇಲೆ ಬೀದಿಯ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತದ್ದಾಯಿತು. ಮನೆಯ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು, ಆದರೆ ಹಾಗೆ ಬರುವುದು ಚರಂಡಿಯ ಹಿತಕ್ಕೆ ವಿರುದ್ಧವಾಗಿತ್ತು. ಅದಾದ ಮೇಲೆ ಹರಿದ ಅಂಗಿಗೆ ಗುಂಡಿ ಹೊಲಿಯುತ್ತ ಬಾಗಿಲಲ್ಲಿ ಕೂರುವ ದೃಶ್ಯ.

"ನಾನು ಐದೇ ಐದು ನಿಮಿಷ ಮಲಗ್ತೀನಿ," ಎಂದು ಕಂಡಕ್ಟರು ಗೋಗರೆದರು. "ಬಡವರು ಮಲಗಲ್ವೇ?"

"ಮಲಗಿದ್ರೆ ಸೋಮಾರಿ ಅಂತ ಬರ್ಕೋತಾರೆ. ಹನ್ನೆರಡು ಸಾವಿರ ಸೋಮಾರಿಗಳು!" ಎಂದರು ಮೇಷ್ಟ್ರು. ಸೋಮಾರಿತನದ ವಿಷಯದಲ್ಲಿ ಇಬ್ಬರೂ ಒಂದೇ ಪಕ್ಷ.

ನಾಲ್ಕರ ಹೊತ್ತಿಗೆ ಮೇಷ್ಟ್ರಿಗೆ ಹೊಳೆಯಿತು, ಜಗಳವಾಡುವುದರ ಬದಲು ಮನೆಯನ್ನೇ ಹಂಚಿಕೊಳ್ಳಬಹುದಲ್ಲ! ಮುಂದಿನ ಕೋಣೆ ಬಡತನಕ್ಕೆ, ಹಿಂದಿನ ಕೋಣೆ ಸಂಪತ್ತಿಗೆ. ಎರಡೂ ಸೇರಿ ಸರಾಸರಿ. ಸೆಕ್ರೆಟರಿಯೂ ದಣಿದಿದ್ದರು, ಒಪ್ಪಿದರು. ಹಾಗಾದರೆ ಫ್ರಿಜ್ಜು ಹಿಂದಿನ ಕೋಣೆಗೆ ಹೋಗಬೇಕು. ಕಂಡಕ್ಟರು ಎಳೆದರು, ಮೇಷ್ಟ್ರು ಬೆರಳು ತೋರಿಸಿದರು, ಸೆಕ್ರೆಟರಿ ಒಂದೇ ಒಂದು ಸಲ ಸಹಾಯ ಮಾಡೋಣವೆಂದು ನೂಕಿದರು. ಆ ಒಂದು ನೂಕಿಗೆ ಫ್ರಿಜ್ಜು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಓರೆಯಾಗಿ ಸಿಕ್ಕಿಹಾಕಿಕೊಂಡಿತು. ಜಪ್ಪಯ್ಯ ಎಂದರೂ ಕದಲಲಿಲ್ಲ. ಅದರ ಬಾಗಿಲು ಮಾತ್ರ ತೆರೆದುಕೊಂಡು, ಮೇಷ್ಟ್ರು ಬೆಳಿಗ್ಗೆ ಎಚ್ಚರಿಸಿದ್ದ ಹಾಲು, ಬೆಳಿಗ್ಗೆಯಿಂದ ಕರಗಿದ್ದ ಮಂಜಿನ ನೀರಿನ ಜೊತೆ ನೆಲಕ್ಕೆಲ್ಲ ಹರಿಯಿತು. ಒರೆಸುವ ಬಟ್ಟೆ ಮತ್ತೆ ಕಂಡಕ್ಟರ ಕೈಗೆ ಬಂತು.

ಐದು ಗಂಟೆಗೆ ಸಮೀಕ್ಷಕಿ ಬಂದಾಗ ಕಂಡಕ್ಟರು ಮಂಡಿಯೂರಿ ನೆಲ ಒರೆಸುತ್ತಿದ್ದರು.

ಆಕೆ ಮಧ್ಯವಯಸ್ಸಿನ ತೆಳ್ಳನೆಯ ಹೆಂಗಸು, ಹೆಗಲಿಗೆ ದಪ್ಪ ಚೀಲ. ಬಾಗಿಲಲ್ಲಿ ಸಿಕ್ಕಿದ ಫ್ರಿಜ್ಜನ್ನು ನೋಡಿದರು, ಏನೂ ಕೇಳಲಿಲ್ಲ. ಈ ಕೆಲಸದಲ್ಲಿ ಅವರು ಇದಕ್ಕಿಂತ ವಿಚಿತ್ರವಾದ್ದನ್ನು ಎಷ್ಟೋ ಕಂಡಿರಬೇಕು. ಮೇಷ್ಟ್ರು "ಹಿಂದಿನ ಕೋಣೆ ನೋಡಿ" ಎಂದರು, ಸೆಕ್ರೆಟರಿ "ಮುಂದಿನದು ಸಾಕು" ಎಂದರು. ಆಕೆ ಎರಡನ್ನೂ ನೋಡಲಿಲ್ಲ. ಅತ್ತೆಯ ಎದುರು ಮಂಚದ ತುದಿಯಲ್ಲಿ ಕೂತು ಒಂದು ಉದ್ದನೆಯ ಹಾಳೆ ತೆಗೆದರು.

"ಮನೆಯವರು ಮಾತ್ರ ಉತ್ತರ ಕೊಡ್ಬೇಕು. ಯಜಮಾನ್ರೇ, ಇವತ್ತು ಎಷ್ಟು ಗಂಟೆಗೆ ಎದ್ರಿ?"

"ಎಂಟಕ್ಕೆ."

"ಎಂಟರಿಂದ ಹತ್ತೂವರೆವರೆಗೆ ಏನು ಮಾಡಿದ್ರಿ?"

ಕಂಡಕ್ಟರು ಕಣ್ಣು ಕಣ್ಣು ಬಿಟ್ಟರು. "ಫ್ರಿಜ್ಜು ಇದೆಯಾ, ಎಷ್ಟು ಸಂಪಾದನೆ, ಅದೆಲ್ಲ ಕೇಳಲ್ವಾ?"

"ಅದು ಬೇರೆ ಸಮೀಕ್ಷೆ, ಬೇರೆ ಮನೆಗಳು. ಇದು ಸಮಯದ ಸಮೀಕ್ಷೆ. ಮನೆಯ ಗಂಡಸು ದಿನವಿಡೀ ಏನು ಮಾಡ್ತಾನೆ, ಹೆಂಗಸು ಏನು ಮಾಡ್ತಾಳೆ. ಮನೆಕೆಲಸ ಯಾರು ಎಷ್ಟು ಹೊತ್ತು ಮಾಡ್ತಾರೆ. ಅಷ್ಟೇ."

ಮೇಷ್ಟ್ರು ಮತ್ತು ಸೆಕ್ರೆಟರಿ ಮುಖ ಮುಖ ನೋಡಿಕೊಂಡರು. ಬೆಳಿಗ್ಗೆಯಿಂದ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಇಬ್ಬರ ಮುಖವೂ ಇಳಿಯಿತು. ಕಂಡಕ್ಟರು ಮಾತ್ರ ಸುಳ್ಳು ಹೇಳಲಾರದ ಮನುಷ್ಯ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತ ಹೋದರು. ಅವರು ಮರೆತದ್ದನ್ನು ಅತ್ತೆ ಜ್ಞಾಪಿಸಿದರು. ಗುಡಿಸಿ, ಒರೆಸಿ, ಪಾತ್ರೆ ತೊಳೆದದ್ದು ಎರಡೂವರೆ ಗಂಟೆ. ಅಡುಗೆ ಒಂದು ಗಂಟೆ. ಅತ್ತೆಗೆ ಮಾತ್ರೆ, ಊಟ, ಆರೈಕೆ ಒಂದು ಗಂಟೆ. ಬಟ್ಟೆ ಒಂದೂವರೆ. ನೀರು ಅರ್ಧ, ಗುಂಡಿ ಅರ್ಧ, ಮತ್ತೆ ನೆಲ ಅರ್ಧ. ಫ್ರಿಜ್ಜು ಹೊತ್ತದ್ದು ಮನೆಕೆಲಸದಲ್ಲಿ ಸೇರುವುದಿಲ್ಲವಂತೆ, ಅದನ್ನು ನೆರೆಯವರಿಗೆ ಮಾಡಿದ ಬಿಟ್ಟಿ ಸಹಾಯ ಎಂದು ಬೇರೆ ಕಲಮಿನಲ್ಲಿ ಬರೆದುಕೊಂಡರು.

ಕೂಡಿಸಿ ನೋಡಿ ಆಕೆಯ ಪೆನ್ನು ನಿಂತಿತು. ಇನ್ನೊಮ್ಮೆ ಕೂಡಿಸಿದರು.

"ಏಳೂವರೆ ಗಂಟೆ. ಹದಿನೆಂಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಗಂಡಸಿನ ಹಾಳೇಲಿ ಇಷ್ಟು ಬರೆದಿರೋದು ಇದೇ ಮೊದಲು."

"ಸಾಮಾನ್ಯವಾಗಿ ಎಷ್ಟಿರುತ್ತಮ್ಮಾ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ರಾಜ್ಯದಲ್ಲಿ ಒಟ್ಟು ನಲವತ್ತು ಮಾದರಿ ಮನೆ. ಮೂವತ್ತೊಂಬತ್ತು ಮುಗಿದಿದೆ. ಸರಾಸರಿ ಹನ್ನೊಂದು ನಿಮಿಷ. ಅದ್ರಲ್ಲೂ ಹೆಚ್ಚಿನದು ಟೀ ಕುಡಿದ ಲೋಟ ಒಳಗೆ ತಂದಿಟ್ಟದ್ದು. ದೇಶದಲ್ಲಿ ಮೊದಲನೇ ಸ್ಥಾನದ ರಾಜ್ಯದ್ದೇ ಇಪ್ಪತ್ತು ನಿಮಿಷ ಅನ್ನಿ."

ಮೇಷ್ಟ್ರ ತುಟಿ ಅಲುಗಾಡತೊಡಗಿತು. ಬಾಯಿಲೆಕ್ಕದಲ್ಲಿ ಅವರು ಗಟ್ಟಿಗರು. ಮೂವತ್ತೊಂಬತ್ತು ಸಲ ಹನ್ನೊಂದು, ಅದಕ್ಕೆ ನಾನೂರೈವತ್ತು ಕೂಡಿಸು, ನಲವತ್ತರಿಂದ ಭಾಗಿಸು.

"ಇಪ್ಪತ್ತೆರಡು ನಿಮಿಷ! ಒಂದೂವರೆ ಸೆಕೆಂಡು ಕಮ್ಮಿ! ನಾವು ಮೊದಲು! ಕಂಡಕ್ಟರೇ, ಇಡೀ ದೇಶಕ್ಕೆ ನಾವು ಮೊದಲು!"

ಮೇಷ್ಟ್ರು ಒದ್ದೆ ಬಟ್ಟೆಯ ಸಮೇತ ಕಂಡಕ್ಟರನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಸೆಕ್ರೆಟರಿ ಮುಂದೆ ನುಗ್ಗಿದರು. "ಅಮ್ಮಾ, ಹಾಗಾದ್ರೆ ನಮ್ಮ ಚರಂಡಿ?"

"ಅದು ಆದಾಯದ ಕಲಮು ನೋಡಿ ಕೊಡೋದು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದಾಯದಲ್ಲಿ ನೀವು ಇಪ್ಪತ್ತೊಂದರಲ್ಲೇ ಭದ್ರವಾಗಿದೀರಿ."

ಈಗ ಸೆಕ್ರೆಟರಿಯೂ ಬಂದು ತಬ್ಬಿಕೊಂಡರು. ಮಾನವೂ ಉಳಿಯಿತು, ಚರಂಡಿಯೂ ಉಳಿಯಿತು. ಇಬ್ಬರ ನಡುವೆ ಹಿಂಡಿಹೋದ ಕಂಡಕ್ಟರಿಗೆ ತಮ್ಮ ಭಾನುವಾರ ಹೋದದ್ದಕ್ಕೆ ಒಂದು ಅರ್ಥವಾದರೂ ಸಿಕ್ಕಿತಲ್ಲ ಎನಿಸಿತು. ಹೋದದ್ದು ಒಂದು ಭಾನುವಾರ. ಮುಂದಿನ ವಾರ ಎರಡರಷ್ಟು ಮಲಗಿದರಾಯಿತು.

"ಒಂದೇ ಪ್ರಶ್ನೆ ಬಾಕಿ," ಎಂದರು ಸಮೀಕ್ಷಕಿ. "ಇವತ್ತು ನಿಮಗೆ ಮಾಮೂಲಿ ದಿನವೋ, ವಿಶೇಷ ದಿನವೋ? ವಿಶೇಷ ದಿನ ಅಂದ್ರೆ ಈ ಹಾಳೆ ರದ್ದು, ಇನ್ನೊಂದು ದಿನ ಬಂದು ಹೊಸದಾಗಿ ಬರ್ಕೋತೀವಿ. ಮಾಮೂಲಿ ಅಂದ್ರೆ ಇದೇ ನಿಮ್ಮ ಮನೆ ಲೆಕ್ಕ. ಅದನ್ನ ಪರೀಕ್ಷಿಸೋಕೆ ಒಂದು ವರ್ಷದ ತನಕ ಯಾವ ದಿನ ಬೇಕಾದ್ರೂ, ಹೇಳದೆ ಕೇಳದೆ ಬರ್ತೀವಿ."

ಒಂದು ವರ್ಷ! ಐವತ್ತೆರಡು ಭಾನುವಾರ! ಮೇಷ್ಟ್ರು ಎಡಗಡೆಯಿಂದ ಕೈ ಹಿಸುಕುತ್ತಿದ್ದರು, ಸೆಕ್ರೆಟರಿ ಬಲಗಡೆಯಿಂದ ಕಣ್ಣು ಮಿಟುಕಿಸುತ್ತಿದ್ದರು. ಕಂಡಕ್ಟರು ಇಬ್ಬರನ್ನೂ ಕೊಡವಿಕೊಂಡು ಬಾಯಿ ತೆರೆದರು.

"ವಿಶೇ..."

"ನೀವಲ್ಲ," ಎಂದರು ಆಕೆ. "ಇದಕ್ಕೆ ಉತ್ತರ ಹೆಂಡತಿ ಹೇಳ್ಬೇಕು. ಗಂಡಸರು ಈ ಪ್ರಶ್ನೆಗೆ ಯಾವಾಗಲೂ ತಪ್ಪು ಹೇಳ್ತಾರೆ."

ಸರಿಯಾಗಿ ಆ ಹೊತ್ತಿಗೆ ಹೆಂಡತಿ ಬಂದಳು. ಹನ್ನೆರಡು ಗಂಟೆ ನಿಂತು ನಿಂತು ಕಾಲು ಊದಿಕೊಂಡಿತ್ತು. ಮನೆಗೆ ಹೋಗಿ ಗುಡಿಸಬೇಕು, ಒಗೆಯಬೇಕು, ಬೇಯಿಸಬೇಕು ಎಂದು ದಾರಿಯುದ್ದಕ್ಕೂ ಪಟ್ಟಿ ಹಾಕಿಕೊಂಡು ಬಂದಿದ್ದವಳು ಬಾಗಿಲಲ್ಲೇ ನಿಂತುಬಿಟ್ಟಳು. ನೆಲ ಹೊಳೆಯುತ್ತಿತ್ತು. ಹಿತ್ತಿಲಿನ ತಂತಿಯ ತುಂಬ ಬಟ್ಟೆ ಒಣಗಿತ್ತು. ಪಾತ್ರೆ ತೊಳೆದಿತ್ತು, ಒಲೆಯ ಮೇಲೆ ಅಡುಗೆ ಮುಚ್ಚಿಟ್ಟಿತ್ತು. ಅಮ್ಮ ಉಂಡು ತೃಪ್ತಿಯಾಗಿ ಕೂತಿದ್ದರು. ಗಂಡ ಅಂಗಿಯ ತೋಳು ಮಡಿಚಿಕೊಂಡು, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದ.

ಸಮೀಕ್ಷಕಿ ಹಾಳೆಯನ್ನು ಅವಳ ಕೈಗೆ ಕೊಟ್ಟು ಪ್ರಶ್ನೆ ಓದಿ ಹೇಳಿದರು. ಅವಳು ಮೇಲಿನಿಂದ ಕೆಳಗಿನ ತನಕ ಒಂದೊಂದೇ ಸಾಲು ಓದಿದಳು. ಕಂಡಕ್ಟರು ಕಣ್ಣಿನಲ್ಲೇ ಅಂಗಲಾಚಿದರು. ಅವಳು ಸತ್ಯವಂತೆ. ಅಂಗಡಿಯವನು ತಪ್ಪಿ ಹೆಚ್ಚಿಗೆ ಕೊಟ್ಟ ಒಂದು ಈರುಳ್ಳಿಯನ್ನೂ ಹಿಂದಿರುಗಿಸಿ ಬರುವವಳು. ನಿಜ ಹೇಳೇ ಮಾರಾಯ್ತಿ, ನಿಜ ಹೇಳು!

ಅವಳು ಗಂಡನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಅಮ್ಮ ಸಣ್ಣಗೆ ತಲೆಯಾಡಿಸಿದರು.

"ಮಾಮೂಲಿ ದಿನವೇ," ಎಂದಳು. "ನಮ್ಮ ಮನೇಲಿ ದಿನಾ ಹೀಗೇ. ರುಜು ಎಲ್ಲಿ ಹಾಕ್ಲಿ?"

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಸಮೀಕ್ಷಕಿ ಹಾಳೆ ಮಡಿಚಿ ಚೀಲಕ್ಕೆ ಹಾಕಿ, ಒಂದು ವರ್ಷದಲ್ಲಿ ಯಾವಾಗಲಾದರೂ ನೋಡೋಣ ಎಂದು ಎದ್ದು ಹೋದರು. ಆಕೆ ಬೀದಿ ದಾಟುವುದರೊಳಗೆ ಬೆಳಿಗ್ಗೆಯಿಂದ ಕಚ್ಚಾಡಿದ ಇಬ್ಬರೂ ಒಂದಾಗಿ ಕಂಡಕ್ಟರಿಗೆ ವೇಳಾಪಟ್ಟಿ ಬರೆಯಲು ಕೂತಿದ್ದರು. ಡ್ಯೂಟಿಗೆ ಮೊದಲು ನೆಲ, ಡ್ಯೂಟಿ ಆದ ಮೇಲೆ ಪಾತ್ರೆ, ಭಾನುವಾರ ಎಲ್ಲ.

"ರಾಜ್ಯದ ಮಾನ ಅಂದ್ರೆ ನಾನೊಬ್ಬನೇ ಏನ್ರೀ?" ಎಂದು ಕಂಡಕ್ಟರು ಸಿಡಿದರು. "ನೀವೂ ನಿಮ್ಮ ನಿಮ್ಮ ಮನೇಲಿ ಗುಡಿಸಿ!"

"ಗುಡಿಸ್ತಿದ್ವಿ ಕಂಡಕ್ಟರೇ," ಎಂದರು ಮೇಷ್ಟ್ರು ನಿಜವಾದ ವಿಷಾದದಿಂದ. "ಆದ್ರೆ ನಾವು ಮಾದರಿ ಮನೆ ಅಲ್ಲವಲ್ಲ. ನಾವು ಎಷ್ಟು ಗುಡಿಸಿದ್ರೂ ಯಾವ ಲೆಕ್ಕಕ್ಕೂ ಬರಲ್ಲ."

ಅವರಿಬ್ಬರೂ ಹೋದ ಮೇಲೆ ಕಂಡಕ್ಟರು ಹೆಂಡತಿಯ ಎದುರು ಬಂದು ನಿಂತರು. ಅವಳು ಅಡುಗೆಮನೆಯ ಮಣೆಯ ಮೇಲೆ ಕೂತು, ಗೋಡೆಗೊರಗಿ, ಊದಿದ ಕಾಲು ಚಾಚಿಕೊಂಡಿದ್ದಳು. ಈ ಹೊತ್ತಿನಲ್ಲಿ ಅವಳು ಕೂತಿದ್ದನ್ನು ಅವರು ನೋಡಿಯೇ ಇರಲಿಲ್ಲ. ಕಾಲಿನ ಊತವನ್ನಂತೂ ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಕೋಪ ಅರ್ಧ ಇಳಿಯಿತು. ಉಳಿದರ್ಧದಲ್ಲಿ ಕೇಳಿದರು.

"ಅಲ್ಲ ಕಣೇ, ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದೋಳಲ್ಲ ನೀನು. ಇವತ್ತು ಸರ್ಕಾರದ ಹಾಳೆ ಮೇಲೇ ರುಜು ಹಾಕಿ ಹೇಳಿಬಿಟ್ಟೆಯಲ್ಲ?"

"ನನಗೂ ಅದೇ ಸಂಕಟ ಕಣ್ರೀ," ಎಂದಳು ಅವಳು ಕಣ್ಣು ಮುಚ್ಚಿಕೊಂಡೇ. "ಆದ್ರೆ ಆಸ್ಪತ್ರೇಲಿ ಒಂದು ನಿಯಮ ಇದೆ. ಚಾರ್ಟಲ್ಲಿ ಒಂದು ಸಲ ಬರೆದದ್ದನ್ನ ಅಳಿಸೋ ಹಾಗಿಲ್ಲ, ಬರೆದ ಹಾಗೇ ನಡೀಬೇಕು. ನಿಮ್ಮ ಹೆಂಡತಿ ಸುಳ್ಳಿ ಅನ್ನಿಸಿಕೊಳ್ಳೋದು ನಿಮಗೂ ಇಷ್ಟ ಇಲ್ಲ ತಾನೆ? ನಾಳೆಯಿಂದ ಅದನ್ನ ನಿಜ ಮಾಡ್ಬಿಡಿ."

ಕಂಡಕ್ಟರು ಒರೆಸುವ ಬಟ್ಟೆಯನ್ನು ಹಿಂಡಿ ತಂತಿಗೆ ಹಾಕಿ ಬಂದರು. ಆಮೇಲೆ ಟೀಗೆ ನೀರಿಟ್ಟರು.